ಹುಲ್ಲು ಕೊಯ್ಯುವ ಯಂತ್ರದ ಎರಡು ದಾರಿಗಳು

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಕಾಲೇಜಿನಲ್ಲಿ ನಡೆದ ಒಂದು ಸಣ್ಣ ಘಟನೆಯಿಂದ ಈ ಲೇಖನವನ್ನು ಆರಂಭಿಸಬೇಕಾಗಿದೆ. ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ನಾನು ಭ್ರಮಣ ಚಲನೆಯನ್ನು ಕುರಿತು ಪಾಠ ಹೇಳುತ್ತಿದ್ದೆ. ಹೊರಗೆ ಅಂಗಳದಲ್ಲಿ ಮಾಲಿಯವರು ಹೆಗಲಿಗೆ ತೂಗುಹಾಕಿಕೊಂಡ ಪೆಟ್ರೋಲ್ ಯಂತ್ರದಿಂದ ಹುಲ್ಲು ಸವರುತ್ತಿದ್ದರು. ಅದರ ಆರ್ಭಟದಲ್ಲಿ ನನ್ನ ಮಾತು ಮೂರನೆಯ ಬೆಂಚಿಗೂ ತಲಪುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಕಿಟಕಿಯ ಗಾಜು ಒಡೆದು, ಒಂದು ಬೆಣಚುಕಲ್ಲು ಮೇಜಿನ ಕಾಲಬಳಿ ಬಂದು ಬಿದ್ದಿತು. ಹೊರಗೆ ಓಡಿ ನೋಡಿದರೆ ಮತ್ತೊಂದು ಕಲ್ಲಿನ ಚೂರು ಮಾಲಿಯವರ ಹುಬ್ಬನ್ನೇ ಸೀಳಿತ್ತು. ಅರ್ಧ ಅಂಗುಲ ಕೆಳಗೆ ತಗಲಿದ್ದರೆ ಕಣ್ಣು ಉಳಿಯುತ್ತಿರಲಿಲ್ಲ.

ಗಾಜನ್ನು ಮರುದಿನವೇ ಹಾಕಿಸಲಾಯಿತು. ಆದರೆ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು. ಅಂಗೈ ಅಗಲದ ಹುಲ್ಲುಹಾಸನ್ನು ಒಪ್ಪವಾಗಿಡುವುದಕ್ಕೆ ಕಲ್ಲನ್ನು ಗುಂಡಿನಂತೆ ಎಸೆಯಬಲ್ಲ ಯಂತ್ರವೇ ಬೇಕೆ? ಹುಲ್ಲನ್ನು ಕೊಯ್ಯಲು ಇದಕ್ಕಿಂತ ಸೌಮ್ಯವಾದ ದಾರಿ ಇಲ್ಲವೆ? ಉತ್ತರವನ್ನು ಹುಡುಕುತ್ತ ಈ ಯಂತ್ರದ ಚರಿತ್ರೆಯನ್ನು ಓದಿದಾಗ ಸೌಮ್ಯವಾದ ದಾರಿಯೇ ಮೊದಲು ಹುಟ್ಟಿದುದೆಂಬುದೂ, ಅದನ್ನು ನಾವು ಮರೆತದ್ದು ಅದು ಕೆಟ್ಟದೆಂಬ ಕಾರಣದಿಂದಲ್ಲವೆಂಬುದೂ ತಿಳಿದುಬಂದಿತು. ವಾಚಕರ ಮುಂದೆ ಇಡಬೇಕೆಂದಿರುವುದು ಆ ಚರಿತ್ರೆಯನ್ನು, ಮತ್ತು ಅದರಿಂದ ನಾನು ತಳೆದ ಅಭಿಪ್ರಾಯವನ್ನು.

ಹುಲ್ಲುಹಾಸು ಎಂಬುದು ಮುಖ್ಯವಾಗಿ ಇಂಗ್ಲೆಂಡಿನ ಶ್ರೀಮಂತರ ಮನೆಯಂಗಳದಿಂದ ಲೋಕಕ್ಕೆ ಹರಡಿದ ಸೊಗಸು. ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಅದನ್ನು ಕೊಯ್ಯುತ್ತಿದ್ದುದು ಉದ್ದ ಹಿಡಿಯ ದೊಡ್ಡ ಕುಡುಗೋಲಿನಿಂದ. ಆಳುಗಳು ಸಾಲಾಗಿ ನಿಂತು, ಸೊಂಟವನ್ನು ತಿರುಗಿಸುತ್ತ, ಅದನ್ನು ನೆಲಕ್ಕೆ ಸಮನಾಗಿ ಬೀಸುತ್ತಿದ್ದರು. ಈ ಕೆಲಸ ನಡೆಯುತ್ತಿದ್ದುದು ಬೆಳಗಿನ ಜಾವದಲ್ಲಿ, ಹುಲ್ಲಿನ ಮೇಲೆ ಇಬ್ಬನಿ ಇರುವಾಗ. ಇದು ಕೇವಲ ರೂಢಿಯಲ್ಲ, ಅದರಲ್ಲಿ ಭೌತಶಾಸ್ತ್ರವಿದೆ. ಬೀಸುವ ಅಲಗಿಗೆ ಎದುರಾಗಿ ಹುಲ್ಲಿನ ಎಸಳನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಅದು ಬಾಗಿ ತಪ್ಪಿಸಿಕೊಳ್ಳದಂತೆ ತಡೆಯುವುದು ಅದರ ಬಿರುಸು ಮತ್ತು ಜಡತ್ವ, ಇವೆರಡೇ. ಇಬ್ಬನಿಯಿಂದ ತೊಯ್ದ ಹುಲ್ಲು ಭಾರವಾಗಿಯೂ ಸೆಟೆದೂ ನಿಂತಿರುವುದರಿಂದ ಚೆನ್ನಾಗಿ ಕೊಯ್ಯಿಸಿಕೊಳ್ಳುತ್ತದೆ. ಬಿಸಿಲೇರಿ ಒಣಗಿದ ಮೇಲೆ ಅದೇ ಹುಲ್ಲು ಅಲಗಿನ ಮುಂದೆ ಮಲಗಿಬಿಡುತ್ತದೆ.

ಈ ಕಷ್ಟಕ್ಕೆ ಪರಿಹಾರ ದೊರೆತದ್ದು ತೋಟದಲ್ಲಿ ಅಲ್ಲ, ಬಟ್ಟೆಯ ಗಿರಣಿಯಲ್ಲಿ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ಸ್ಟ್ರೌಡ್ ಕಣಿವೆ ಉಣ್ಣೆಯ ಬಟ್ಟೆಗೆ ಹೆಸರಾದುದು. ನೇಯ್ದು ಹದಮಾಡಿದ ಉಣ್ಣೆಯ ಬಟ್ಟೆಯ ಮೇಲೆ ನವಿರಾದ ಎಳೆಗಳು ಎದ್ದು ನಿಲ್ಲುತ್ತವೆ. ಅವನ್ನು ಸಮನಾಗಿ ಕತ್ತರಿಸಿದರೆ ಮಾತ್ರ ಬಟ್ಟೆಗೆ ನುಣುಪು ಬರುತ್ತದೆ. ಇದಕ್ಕಾಗಿ ಅಲ್ಲಿನ ಗಿರಣಿಗಳಲ್ಲಿ ಒಂದು ಯಂತ್ರವಿತ್ತು. ಉರುಳೆಯೊಂದರ ಸುತ್ತ ಸುರುಳಿಯಾಗಿ ಹೊಂದಿಸಿದ ಅಲಗುಗಳು ತಿರುಗುತ್ತ, ಕದಲದೆ ನಿಂತ ಇನ್ನೊಂದು ಅಲಗನ್ನು ಸವರಿಕೊಂಡು ಹೋಗುತ್ತಿದ್ದವು. ನಡುವೆ ಸಿಕ್ಕಿದ ಎಳೆ ತುಂಡಾಗುತ್ತಿತ್ತು. ಸ್ಟ್ರೌಡಿನ ಬಳಿಯ ಥ್ರಪ್ ಗ್ರಾಮದಲ್ಲಿ ಯಂತ್ರಗಳ ಕೆಲಸ ಮಾಡಿಕೊಂಡಿದ್ದ ಎಡ್ವಿನ್ ಬಿಯರ್ಡ್ ಬಡ್ಡಿಂಗ್ ಎಂಬಾತನು ಇದನ್ನು ಕಂಡಿದ್ದನು. ಬಟ್ಟೆಯ ಮೇಲಿನ ನವಿರಿಗೂ ನೆಲದ ಮೇಲಿನ ಹುಲ್ಲಿಗೂ ಇರುವ ಸಾದೃಶ್ಯ ಅವನ ಕಣ್ಣಿಗೆ ಬಿದ್ದಿತು. ಬಟ್ಟೆ ಯಂತ್ರದೊಳಗೆ ಹಾಯುವುದಕ್ಕೆ ಬದಲಾಗಿ ಯಂತ್ರವೇ ನೆಲದ ಮೇಲೆ ಹಾದುಹೋದರೆ ಆಯಿತಲ್ಲವೆ? ಜಾನ್ ಫೆರಬೀ ಎಂಬ ಕಬ್ಬಿಣದ ಕಾರ್ಖಾನೆಯ ಒಡೆಯನು ಹಣವನ್ನೂ ಕಾರ್ಖಾನೆಯನ್ನೂ ಒದಗಿಸಿದನು. 1830ರಲ್ಲಿ ಬಡ್ಡಿಂಗನಿಗೆ ಪೇಟೆಂಟ್ ದೊರೆಯಿತು.

ಆ ಮೊದಲ ಯಂತ್ರದ ಕೊಯ್ಲಿನ ಅಗಲ 19 ಅಂಗುಲ. ಹಿಂದೆ ಒಂದು ಭಾರವಾದ ಉರುಳೆ. ಅದು ನೆಲದ ಮೇಲೆ ಉರುಳಿದಂತೆ ಹಲ್ಲುಚಕ್ರಗಳು ಆ ಚಲನೆಯನ್ನು ಅಲಗುಗಳಿಗೆ ಮುಟ್ಟಿಸಿ, ಅವನ್ನು ಬಹು ಬೇಗ ತಿರುಗಿಸುತ್ತಿದ್ದವು. ಕಬ್ಬಿಣದ ಭಾರ ಹೆಚ್ಚಾಗಿದ್ದುದರಿಂದ ಹಿಂದಿನಿಂದ ಒಬ್ಬನು ತಳ್ಳಿದರೆ, ಮುಂದಿನಿಂದ ಇನ್ನೊಬ್ಬನು ಎಳೆಯಲು ಹಿಡಿಯೊಂದನ್ನು ಇಟ್ಟಿದ್ದರು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿ ಸಂಗ್ರಹಾಲಯವೂ ಆಕ್ಸ್‌ಫರ್ಡಿನ ಕಾಲೇಜುಗಳೂ ಇದರ ಮೊದಮೊದಲ ಗಿರಾಕಿಗಳು. ಬಡ್ಡಿಂಗನು ತನ್ನ ಪೇಟೆಂಟಿನಲ್ಲಿ, ಗ್ರಾಮಾಂತರದ ದೊಡ್ಡ ಮನುಷ್ಯರು ಈ ಯಂತ್ರವನ್ನು ತಾವೇ ತಳ್ಳಿದರೆ ಅವರಿಗೆ ವಿನೋದವೂ ಆರೋಗ್ಯಕರವಾದ ವ್ಯಾಯಾಮವೂ ದೊರೆಯುವುದೆಂದು ಸೂಚಿಸಿದ್ದನು. ದೊಡ್ಡ ಮನುಷ್ಯರು ಈ ಸಲಹೆಯನ್ನು ತಮ್ಮ ಆಳುಗಳಿಗೆ ದಾಟಿಸಿದರೆಂದು ಬೇರೆ ಹೇಳಬೇಕಾದುದಿಲ್ಲ. ಬಡ್ಡಿಂಗನು 1846ರಲ್ಲಿ ತೀರಿಕೊಂಡನು. ತಿರುಪಿನಿಂದ ಬಾಯಗಲವನ್ನು ಹೊಂದಿಸಬಹುದಾದ ಸ್ಪ್ಯಾನರಿನ ಚರಿತ್ರೆಯಲ್ಲಿಯೂ ಅವನ ಹೆಸರು ಉಂಟು.

ಅವನ ಯಂತ್ರದ ಗುಟ್ಟನ್ನು ಸ್ವಲ್ಪ ನಿಂತು ನೋಡುವುದು ಯೋಗ್ಯ. ಕದಲದೆ ನಿಂತ ಅಲಗು ಎಸಳನ್ನು ಒಂದು ಕಡೆಯಿಂದ ಹಿಡಿಯುತ್ತದೆ. ತಿರುಗುವ ಅಲಗು ಇನ್ನೊಂದು ಕಡೆಯಿಂದ ಬಂದು ಕತ್ತರಿಸುತ್ತದೆ. ಇದು ನಮ್ಮ ದರ್ಜಿಯ ಕೈಯ ಕತ್ತರಿಯೇ ಸರಿ. ಎಸಳಿಗೆ ಆಧಾರವಿರುವುದರಿಂದ ಅದು ಬಾಗಿ ತಪ್ಪಿಸಿಕೊಳ್ಳಲಾರದು. ಒಣಗಿದ್ದರೂ ಸರಿಯೆ, ಇಬ್ಬನಿ ಬೇಕಾಗಿಲ್ಲ. ಅಲಗು ಸುರುಳಿಯಾಗಿರುವುದರಿಂದ ಕತ್ತರಿಸುವ ಸ್ಥಾನ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುತ್ತ ಹೋಗುತ್ತದೆ. ಯಾವ ಕ್ಷಣದಲ್ಲಿಯೂ ಕೆಲವೇ ಎಸಳುಗಳು ಮಾತ್ರ ಅಲಗಿನ ಬಾಯಲ್ಲಿರುತ್ತವೆ. ಆದುದರಿಂದ ಬೇಕಾಗುವ ಬಲ ಸ್ವಲ್ಪ, ಮತ್ತು ಅದು ಒಂದೇ ಸಮನಾದುದು. ಹಗುರವಾದ ಇಂದಿನ ಕೈಯಂತ್ರವನ್ನು ನೂರು ನ್ಯೂಟನ್ ಬಲದಿಂದ ತಳ್ಳಿಕೊಂಡು ಸೆಕೆಂಡಿಗೆ ಮುಕ್ಕಾಲು ಮೀಟರ್ ವೇಗದಲ್ಲಿ ನಡೆದರೆ ವ್ಯಯವಾಗುವ ಸಾಮರ್ಥ್ಯ 75 ವಾಟ್. ಆರೋಗ್ಯವಂತನಾದ ಮನುಷ್ಯನೊಬ್ಬನು ಬಹಳ ಹೊತ್ತು ಕೊಡಬಹುದಾದ ಸಾಮರ್ಥ್ಯವೂ ಸುಮಾರು ಇಷ್ಟೆ.

ಇದಾದಮೇಲೆ ತಯಾರಕರು ಒಬ್ಬೊಬ್ಬರಾಗಿ ಮುಂದೆ ಬಂದರು. ಇಪ್ಸ್‌ವಿಚ್ ಪಟ್ಟಣದಲ್ಲಿ ನೇಗಿಲಿನ ಗುಳಗಳನ್ನು ಮಾಡುತ್ತಿದ್ದ ರ್‍ಯಾನ್ಸಮ್ಸ್ ಸಂಸ್ಥೆ 1832ರಲ್ಲಿ ಪರವಾನಗಿ ಪಡೆದು ಈ ಯಂತ್ರವನ್ನು ಮಾಡತೊಡಗಿತು. ಸ್ಕಾಟ್ಲೆಂಡಿನ ಅರ್ಬ್ರೋತ್ ಪಟ್ಟಣದ ಅಲೆಗ್ಸಾಂಡರ್ ಷ್ಯಾಂಕ್ಸ್ 1840ರ ದಶಕದಲ್ಲಿ ತಟ್ಟು ಎಳೆಯುವ ಅಗಲವಾದ ಯಂತ್ರವನ್ನು ತಂದನು. ಗೊರಸಿನ ಗುರುತು ಹುಲ್ಲುಹಾಸಿನ ಮೇಲೆ ಮೂಡದಿರಲೆಂದು ಆ ಪ್ರಾಣಿಗಳ ಕಾಲಿಗೆ ಚರ್ಮದ ಬೂಟುಗಳನ್ನು ತೊಡಿಸುತ್ತಿದ್ದರು! ಲೀಡ್ಸ್ ನಗರದ ಥಾಮಸ್ ಗ್ರೀನ್ 1859ರಲ್ಲಿ ಹಲ್ಲುಚಕ್ರಗಳ ಬದಲಿಗೆ ಸರಪಳಿಯನ್ನು ಬಳಸಿದನು. ಅವನ ಯಂತ್ರದ ಲ್ಯಾಟಿನ್ ಹೆಸರಿನ ಅರ್ಥ 'ಸದ್ದಿಲ್ಲದೆ ಕೊಯ್ಯುವವನು' ಎಂದು. ಸದ್ದಿಲ್ಲದಿರುವುದನ್ನೇ ಯಂತ್ರದ ಹಿರಿಮೆಯೆಂದು ಸಾರಿ ಮಾರುತ್ತಿದ್ದ ಕಾಲ ಅದು.

ಸಮನಾಗಿ ಕತ್ತರಿಸಿದ ಹುಲ್ಲುಹಾಸು ಅಗ್ಗವಾದುದರಿಂದ ಹೊಸ ಆಟಗಳಿಗೂ ಅವಕಾಶ ದೊರೆಯಿತು. 1870ರ ದಶಕದಲ್ಲಿ ಲಾನ್ ಟೆನಿಸ್ ಹುಟ್ಟಿತು. 1877ರ ಮೊದಲ ವಿಂಬಲ್ಡನ್ ಪಂದ್ಯಾವಳಿಯನ್ನು ಏರ್ಪಡಿಸಿದ್ದರ ಒಂದು ಉದ್ದೇಶ, ಕ್ಲಬ್ಬಿನ ಹುಲ್ಲನ್ನು ಸಮಮಾಡುತ್ತಿದ್ದ, ತಟ್ಟು ಎಳೆಯುವ ರೋಲರಿನ ರಿಪೇರಿಗೆ ಹಣ ಕೂಡಿಸುವುದು. ಇಂದಿಗೂ ಕ್ರಿಕೆಟ್ಟಿನ ಪಿಚ್ಚನ್ನೂ ಗಾಲ್ಫಿನ ಗುಳಿಯ ಸುತ್ತಣ ಹುಲ್ಲನ್ನೂ ಕೊಯ್ಯುವುದು ಬಡ್ಡಿಂಗನ ಸುರುಳಿ ಅಲಗುಗಳೇ. ಅತ್ಯಂತ ನಯವಾದ ಕೆಲಸ ಬೇಕಾದಲ್ಲಿ 1830ರ ತತ್ತ್ವವನ್ನು ಯಾರೂ ಮೀರಿಸಿಲ್ಲ.

ಇನ್ನು ಎಂಜಿನ್ನಿನ ಮಾತು. 1893ರಲ್ಲಿ ಲ್ಯಾಂಕಷೈರಿನ ಲೇಲ್ಯಾಂಡ್ ಎಂಬ ಊರಿನ ಜೇಮ್ಸ್ ಸಮ್ನರ್ ಎಂಬಾತನು ಹುಲ್ಲಿನ ಯಂತ್ರಕ್ಕೆ ಉಗಿಯ ಎಂಜಿನ್ ಜೋಡಿಸಿದನು. ಅದು ಬಹು ಭಾರವಾದುದು; ಉಗಿಯೇರುವವರೆಗೆ ಕಾಯುವುದೂ ಒಂದು ಕೆಲಸವೇ. ಆದರೂ ಸಮ್ನರನ ಉದ್ಯಮ ಉಗಿಬಂಡಿಗಳತ್ತ ತಿರುಗಿ ಬೆಳೆಯಿತು. ಲೇಲ್ಯಾಂಡ್ ಮೋಟಾರ್ಸ್ ಎಂಬ ಹೆಸರಾಂತ ಕಂಪನಿಯಾಯಿತು. ನಮ್ಮ ರಸ್ತೆಗಳ ಲಾರಿ ಬಸ್ಸುಗಳ ಮೇಲೆ ನಾವು ದಿನವೂ ಓದುವ 'ಲೇಲ್ಯಾಂಡ್' ಎಂಬ ಹೆಸರಿನ ಹಿಂದೆ ಹೀಗೊಂದು ಹುಲ್ಲಿನ ಯಂತ್ರ ಅಡಗಿದೆ. 1902ರಲ್ಲಿ ರ್‍ಯಾನ್ಸಮ್ಸ್ ಪೆಟ್ರೋಲ್ ಎಂಜಿನ್ನಿನ ಯಂತ್ರವನ್ನು ಮಾರುಕಟ್ಟೆಗೆ ತಂದಿತು. 1921ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ 'ಆಟ್ಕೊ' ಎಂಬ ಯಂತ್ರ ಹೊರಟು, ಮಧ್ಯಮ ವರ್ಗದವರ ಅಂಗಳಕ್ಕೂ ಎಂಜಿನ್ ಕಾಲಿಟ್ಟಿತು. ಆದರೆ ವಾಚಕರು ಇಲ್ಲಿ ಒಂದಂಶವನ್ನು ಗಮನಿಸಬೇಕು. ತಳ್ಳುವ ಶ್ರಮವನ್ನು ಎಂಜಿನ್ ವಹಿಸಿಕೊಂಡಿತಾದರೂ ಕೊಯ್ಯುವ ರೀತಿ ಮಾತ್ರ ಅದೇ ಕತ್ತರಿಯ ರೀತಿಯಾಗಿಯೇ ಉಳಿದಿತ್ತು.

ಎಂಜಿನ್ ಹಗುರವೂ ಅಗ್ಗವೂ ಆದಮೇಲೆ ಎರಡನೆಯ ದಾರಿ ತೆರೆಯಿತು. ನಮ್ಮ ಹಳ್ಳಿಯ ಹುಡುಗರು ಶಾಲೆಯಿಂದ ಬರುವಾಗ ಸಣ್ಣ ಬಿದಿರುಕಡ್ಡಿಯನ್ನು ಬೀಸುತ್ತ, ದಾರಿಬದಿಯ ತುಂಬೆಗಿಡಗಳ ತಲೆ ಹಾರಿಸುವುದನ್ನು ಎಲ್ಲರೂ ಕಂಡಿದ್ದೇವೆ. ಕಡ್ಡಿಗೆ ಹರಿತವಿಲ್ಲ, ಮೆಲ್ಲಗೆ ತಾಗಿಸಿದರೆ ಗಿಡ ಬಾಗುತ್ತದೆ, ಅಷ್ಟೆ. ಆದರೆ ರಭಸದಿಂದ ಬೀಸಿದರೆ ಬಾಗುವುದಕ್ಕೆ ಪುರುಸೊತ್ತಿಲ್ಲದೆ ಗಿಡ ತುಂಡಾಗುತ್ತದೆ. ಇಲ್ಲಿ ಎದುರು ಅಲಗಿನ ಕೆಲಸವನ್ನು ಗಿಡದ ಜಡತ್ವವೇ ಮಾಡುತ್ತದೆ. ಎಂಜಿನ್ನಿನ ದಂಡಕ್ಕೆ ಒಂದು ಅಲಗನ್ನು ನೆಲಕ್ಕೆ ಸಮನಾಗಿ ಸಿಕ್ಕಿಸಿ ಜೋರಾಗಿ ತಿರುಗಿಸಿದರೆ ಇದೇ ಕ್ರಿಯೆ ನಡೆಯುತ್ತದೆ. ಎದುರು ಅಲಗು ಬೇಡ, ಸೂಕ್ಷ್ಮವಾಗಿ ಹೊಂದಿಸುವುದು ಬೇಡ, ಹರಿತವೂ ಅಷ್ಟಾಗಿ ಬೇಡ. ಒಂದನೆಯದು ಕತ್ತರಿಯ ದಾರಿಯಾದರೆ ಇದು ಹೊಡೆತದ ದಾರಿ.

1930ರ ದಶಕದಲ್ಲಿಯೇ ಬ್ರಿಟನ್ನಿನಲ್ಲಿ ಇಂತಹ ಯಂತ್ರ ಕಾಣಿಸಿಕೊಂಡಿತ್ತು. ಆದರೆ ಅದನ್ನು ಮನೆಮಾತಾಗಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಆಸ್ಟ್ರೇಲಿಯದ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ನನದು. 1952ರಲ್ಲಿ ಸಿಡ್ನಿಯ ಹೊರವಲಯದ ಕಾಂಕರ್ಡಿನಲ್ಲಿ, ತನ್ನ ಮನೆಯ ಗ್ಯಾರೇಜಿನಲ್ಲಿ, ಆತನು ಸಣ್ಣ ಎಂಜಿನ್ನೊಂದನ್ನು ಅಡ್ಡಲಾಗಿ ಮಲಗಿಸಿ, ಪೀಚ್ ಹಣ್ಣಿನ ಖಾಲಿ ಡಬ್ಬಿಯನ್ನೇ ಪೆಟ್ರೋಲ್ ಟ್ಯಾಂಕನ್ನಾಗಿಸಿಕೊಂಡು 'ವಿಕ್ಟಾ' ಯಂತ್ರದ ಮೊದಲ ಮಾದರಿಯನ್ನು ಕಟ್ಟಿದನು. ಅದು ಆ ದೇಶದ ಬದುಕಿನಲ್ಲಿ ಎಷ್ಟು ಬೆರೆತುಹೋಯಿತೆಂದರೆ 2000ನೆಯ ಇಸವಿಯ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಈ ಯಂತ್ರಗಳೂ ಪ್ರದರ್ಶನದ ಅಂಗವಾಗಿ ಬಂದುವು. 1960ರ ದಶಕದಲ್ಲಿ ಸ್ವೀಡನ್ನಿನ ಕಾರ್ಲ್ ದಾಲ್ಮನ್ ಎಂಬಾತನು ಗಾಳಿಯ ಮೆತ್ತೆಯ ಮೇಲೆ ತೇಲುವ 'ಫ್ಲೈಮೊ' ಯಂತ್ರವನ್ನು ರಚಿಸಿದನು. 1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬ್ಯಾಲಸ್, ಕಾರು ತೊಳೆಯುವ ಕಟ್ಟೆಯಲ್ಲಿ ತಿರುಗುವ ಕುಂಚಗಳನ್ನು ನೋಡಿ, ಅಲಗಿನ ಬದಲು ನೈಲಾನ್ ದಾರವನ್ನೇ ಗಿರ್ರನೆ ತಿರುಗಿಸುವ ಸಾಧನವನ್ನು ಕಲ್ಪಿಸಿದನು. ಸುಮ್ಮನಿರುವಾಗ ಜೋತುಬೀಳುವ ದಾರ, ವೇಗವಾಗಿ ತಿರುಗಿದಾಗ ಕಂಬಿಯಂತೆ ಸೆಟೆದು ನಿಂತು ಕಳೆಯನ್ನು ಸವರುತ್ತದೆ. ಭ್ರಮಣ ಚಲನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಯಲ್ಲಿ ನನಗೆ ದೊರಕಿಲ್ಲ. ನಮ್ಮ ಮಾಲಿಯವರ ಹೆಗಲ ಮೇಲಿದ್ದುದು ಈ ಕುಲಕ್ಕೆ ಸೇರಿದ ಯಂತ್ರವೇ.

ಹೊಡೆತದ ದಾರಿಯ ಬೆಲೆಯನ್ನು ಈಗ ಲೆಕ್ಕ ಹಾಕೋಣ. ಐವತ್ತು ಸೆಂಟಿಮೀಟರ್ ಉದ್ದದ ಅಲಗು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ತುದಿಯ ವೇಗ ಸೆಕೆಂಡಿಗೆ ಸುಮಾರು 78 ಮೀಟರ್, ಅಂದರೆ ಗಂಟೆಗೆ 280 ಕಿಲೋಮೀಟರ್. ಹೆಗಲ ಯಂತ್ರದ ದಾರ ನಲವತ್ತು ಸೆಂಟಿಮೀಟರ್ ವ್ಯಾಸದ ವರ್ತುಲದಲ್ಲಿ ನಿಮಿಷಕ್ಕೆ 7000 ಸುತ್ತು ತಿರುಗಿದರೆ, ತುದಿಯ ವೇಗ ಗಂಟೆಗೆ ಐನೂರು ಕಿಲೋಮೀಟರನ್ನು ಮೀರುತ್ತದೆ. ಇಪ್ಪತ್ತು ಗ್ರಾಂ ತೂಕದ ಕಲ್ಲೊಂದು ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಸಿಡಿದರೆ ಅದರ ಚಲನಶಕ್ತಿ 49 ಜೂಲ್. ಒಂದು ಕಿಲೋಗ್ರಾಂ ತೂಕದ ಕಲ್ಲು ಐದು ಮೀಟರ್ ಎತ್ತರದಿಂದ ಬಿದ್ದಾಗ ದೊರೆಯುವ ಶಕ್ತಿ ಇದು. ಇದೆಲ್ಲವೂ ಗೋಲಿಯಷ್ಟು ಗಾತ್ರದ ಕಲ್ಲಿನ ಮೊನೆಯಲ್ಲಿ ಸೇರಿರುತ್ತದೆಂಬುದನ್ನು ಮರೆಯಬಾರದು. ಸಾಮರ್ಥ್ಯದ ಮಾತಿಗೆ ಬಂದರೆ, ತಳ್ಳಿಕೊಂಡು ಹೋಗುವ ಯಂತ್ರಕ್ಕೆ ಮೂರು ಅಶ್ವಶಕ್ತಿಯ ಎಂಜಿನ್ ಇರುವುದು ಸಾಮಾನ್ಯ. ಅದು 2200 ವಾಟ್‌ಗಳಿಗೂ ಹೆಚ್ಚು. ಮನುಷ್ಯನು ಕತ್ತರಿಯಂತ್ರಕ್ಕೆ ಕೊಡುವ 75 ವಾಟ್‌ಗಳ ಸುಮಾರು ಮೂವತ್ತರಷ್ಟು. ಹೊಡೆತದ ಯಂತ್ರ ಬೇಗ ಕೊಯ್ಯುತ್ತದೆ, ನಿಜ. ಆದರೆ ಮೂವತ್ತು ಪಾಲು ಬೇಗ ಕೊಯ್ಯುವುದಿಲ್ಲ. ಉಳಿದ ಶಕ್ತಿ ಗಾಳಿಯನ್ನು ಕಲಕುವುದಕ್ಕೂ, ಶಬ್ದಕ್ಕೂ, ಶಾಖಕ್ಕೂ ಹೋಗುತ್ತದೆ.

ಹೊಗೆಯೂ ಅಲಕ್ಷಿಸತಕ್ಕದ್ದಲ್ಲ. ಹಳೆಯ ರೀತಿಯ ಎರಡು ಹೊಡೆತದ ಎಂಜಿನ್ನಿನಲ್ಲಿ ಹೊಸ ಪೆಟ್ರೋಲ್ ಆವಿ ಒಳಬರುವುದೂ ಸುಟ್ಟ ಅನಿಲ ಹೊರಹೋಗುವುದೂ ಏಕಕಾಲದಲ್ಲಿ ನಡೆಯುವುದರಿಂದ, ಪೆಟ್ರೋಲಿನ ಸಾಕಷ್ಟು ಭಾಗ ಸುಡದೆಯೇ ಹೊರಬೀಳುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯ ಲೆಕ್ಕದಂತೆ, ವೃತ್ತಿಯವರು ಬಳಸುವ ಪೆಟ್ರೋಲ್ ಹುಲ್ಲುಯಂತ್ರವನ್ನು ಒಂದು ಗಂಟೆ ನಡೆಸಿದರೆ ಉಂಟಾಗುವ ಹೊಗೆಮಂಜಿನ ಮಾಲಿನ್ಯ, ಹೊಸ ಕಾರೊಂದನ್ನು ಸುಮಾರು 480 ಕಿಲೋಮೀಟರ್ ಓಡಿಸಿದಷ್ಟು. ಆ ರಾಜ್ಯ 2021ರಲ್ಲಿ ಕಾನೂನು ಮಾಡಿ, 2024ರಿಂದ ಇಂತಹ ಹೊಸ ಸಣ್ಣ ಎಂಜಿನ್ನುಗಳ ಮಾರಾಟವನ್ನು ಬಹುಮಟ್ಟಿಗೆ ನಿಲ್ಲಿಸಲು ಹೊರಟಿತು. ಅಪಾಯದ ವಿಷಯದಲ್ಲಿಯೂ ಅಮೆರಿಕ ಬಹಳ ಹಿಂದೆಯೇ ಎಚ್ಚೆತ್ತಿತ್ತು. ನಡೆದುಕೊಂಡು ತಳ್ಳುವ ಎಂಜಿನ್ ಯಂತ್ರದ ಹಿಡಿಯನ್ನು ಬಿಟ್ಟೊಡನೆ ಮೂರು ಸೆಕೆಂಡುಗಳೊಳಗೆ ಅಲಗು ನಿಲ್ಲಬೇಕೆಂಬ ನಿಯಮ ಅಲ್ಲಿ 1982ರಿಂದ ಜಾರಿಯಲ್ಲಿದೆ.

ಹಾಗಾದರೆ ಹೊಡೆತದ ಯಂತ್ರ ಬೇಡವೇ ಬೇಡವೆಂದು ನನ್ನ ವಾದವೆ? ಅಲ್ಲ. ಮಲೆನಾಡಿನ ಅಡಿಕೆ ತೋಟಗಳಲ್ಲಿ, ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ, ಮೊಣಕಾಲೆತ್ತರ ಬೆಳೆದ ಕಳೆಯನ್ನು ದಿನವಿಡೀ ಬಗ್ಗಿ ಕತ್ತಿಯಿಂದ ಸವರುವ ಕಷ್ಟ ನೋಡಿದವರಿಗೇ ಗೊತ್ತು. ಕೂಲಿಯಾಳು ಸಿಕ್ಕದ ಈ ಕಾಲದಲ್ಲಿ ಹೆಗಲ ಯಂತ್ರ ಅಲ್ಲಿ ದೊಡ್ಡ ಉಪಕಾರ ಮಾಡಿದೆ. ಇಳಿಜಾರಿನ, ಕಲ್ಲುಬೇರುಗಳ ನೆಲದಲ್ಲಿ ಬಡ್ಡಿಂಗನ ನಾಜೂಕಾದ ಯಂತ್ರ ಎರಡು ಹೆಜ್ಜೆಯನ್ನೂ ಇಡಲಾರದು. ಎತ್ತರದ ಒರಟು ಬೆಳೆಗೆ ಹೊಡೆತವೇ ತಕ್ಕುದು. ಆದರೆ ಅಡಿಕೆ ತೋಟಕ್ಕೆ ತಕ್ಕ ಉಪಕರಣವನ್ನು ಕಾಲೇಜು, ಕಚೇರಿ, ಮನೆಗಳ ಸಮತಟ್ಟಾದ ಸಣ್ಣ ಹುಲ್ಲುಹಾಸಿಗೂ ತರುವುದು, ಹೂವು ಬಿಡಿಸಲು ಕೊಡಲಿ ತಂದಂತೆ.

ಈಚೆಗೆ ಪೆಟ್ರೋಲಿನ ಬದಲು ಬ್ಯಾಟರಿಯ ಯಂತ್ರಗಳು ಬರುತ್ತಿವೆ. ಇನ್ನು ಚಿಂತೆಯಿಲ್ಲವೆಂದು ಹೇಳುವವರಿದ್ದಾರೆ. ಹೊಗೆ ಹೋಗುತ್ತದೆ, ಸದ್ದು ತಗ್ಗುತ್ತದೆ, ಇದು ಸ್ವಾಗತಾರ್ಹವೇ. ಆದರೆ ದಾರದ ತುದಿಯ ವೇಗ ಮಾತ್ರ ಹಾಗೆಯೇ ಇರುತ್ತದೆ. ಕಲ್ಲಿಗೆ ತನ್ನನ್ನು ಎಸೆದದ್ದು ಪೆಟ್ರೋಲೋ ವಿದ್ಯುತ್ತೋ ಎಂಬ ಭೇದ ತಿಳಿಯದು.

ನನಗೆ ಹೆಚ್ಚು ನೋವುಂಟುಮಾಡುವ ವಿಷಯ ಇನ್ನೊಂದಿದೆ. ಯಂತ್ರವನ್ನು ಆರಿಸುವವರು ಒಬ್ಬರು, ಹಿಡಿಯುವವರು ಇನ್ನೊಬ್ಬರು. ಬೇಗ ಮುಗಿಯುತ್ತದೆಂಬ ಲಾಭ ಆರಿಸಿದವರಿಗೆ. ಕಲ್ಲು, ಹೊಗೆ, ಸದ್ದು ಹಿಡಿದವರಿಗೆ. ಪೆಟ್ರೋಲಿನ ಹೆಗಲ ಯಂತ್ರದ ಸದ್ದು ಹಿಡಿದವನ ಕಿವಿಯ ಬಳಿ ನೂರು ಡೆಸಿಬೆಲ್‌ಗಳ ಆಸುಪಾಸಿನಲ್ಲಿರುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ಅಂತಹ ಸದ್ದಿನಲ್ಲಿ ಬರಿಯ ಕಿವಿಯಿಂದ ದಿನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಇರಬಾರದು. ನಮ್ಮಲ್ಲಿ ಎಷ್ಟೋ ಮಂದಿ ತಲೆಗೊಂದು ವಸ್ತ್ರ ಸುತ್ತಿಕೊಂಡು, ಕಣ್ಣಿಗೂ ಕಿವಿಗೂ ಏನೂ ಇಲ್ಲದೆ, ಕಾಲಿಗೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಗಂಟೆಗಟ್ಟಲೆ ಇದನ್ನು ನಡೆಸುತ್ತಾರೆ. ಎಷ್ಟೋ ಕಡೆ ಯಂತ್ರದ ಜೊತೆಗೆ ಬಂದ ರಕ್ಷಾಫಲಕವನ್ನು ಅಡ್ಡಿಯೆಂದು ಕಳಚಿ ಮೂಲೆಗೆ ಎಸೆದಿರುತ್ತಾರೆ.

ಆದುದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಸಮತಟ್ಟಾದ ಸಣ್ಣ ಹುಲ್ಲುಹಾಸಿಗೆ ಸಂಸ್ಥೆಗಳು ಕತ್ತರಿಯ ಯಂತ್ರವನ್ನೇ ಕೊಳ್ಳಲಿ, ಮತ್ತು ಹುಲ್ಲು ಎತ್ತರವಾಗಲು ಬಿಡದೆ ವಾರಕ್ಕೊಮ್ಮೆ ಕೊಯ್ಯಿಸಲಿ. ಹೊಡೆತದ ಯಂತ್ರ ಅನಿವಾರ್ಯವಾದಲ್ಲಿ ಕನ್ನಡಕ, ಕಿವಿಮುಚ್ಚಳ, ಬೂಟು, ರಕ್ಷಾಫಲಕ ಇವನ್ನು ಯಂತ್ರದ ಬಿಡಿಭಾಗಗಳೆಂದೇ ಎಣಿಸಲಿ. ಅವಿಲ್ಲದೆ ಯಂತ್ರ ಪೂರ್ಣವಲ್ಲ. ಸವರುವ ಮೊದಲು ಕಲ್ಲನ್ನು ಆರಿಸಿ ತೆಗೆಯುವುದಕ್ಕೂ, ಸುತ್ತ ಹದಿನೈದು ಮೀಟರ್ ದೂರದವರೆಗೆ ಯಾರನ್ನೂ ಬಿಡದಿರುವುದಕ್ಕೂ ಬೇಕಾದ ಸಮಯ ಕೆಲಸದ ಸಮಯವೆಂದೇ ಲೆಕ್ಕವಾಗಲಿ. ಇನ್ನು ನಮ್ಮಂತಹ ಉಪಾಧ್ಯಾಯರು ಭ್ರಮಣ ಚಲನೆಯ ಲೆಕ್ಕಗಳನ್ನು ಕರಿಹಲಗೆಯ ಮೇಲೆಯೇ ಮುಗಿಸದೆ, ಕಿಟಕಿಯ ಹೊರಗೆ ಅದನ್ನು ಹೆಗಲ ಮೇಲೆ ಹೊತ್ತವರಿಗೂ ತಿಳಿಯುವ ಮಾತಿನಲ್ಲಿ ಹೇಳಬೇಕು. ಆ ಕಲ್ಲು ಬೀಳುವವರೆಗೆ ನಾನೂ ಹೇಳಿರಲಿಲ್ಲ.

ನಮ್ಮ ಕಾಲೇಜಿನ ಉಗ್ರಾಣದಲ್ಲಿ, ಮುರಿದ ಬೆಂಚುಗಳ ಕೆಳಗೆ, ಸುರುಳಿ ಅಲಗಿನ ಹಳೆಯ ಕೈಯಂತ್ರವೊಂದು ತುಕ್ಕುಹಿಡಿದು ಬಿದ್ದಿತ್ತು. ಹುಬ್ಬಿನ ಗಾಯ ಮಾಗಿದ ಮೇಲೆ ಮಾಲಿಯವರೂ ನಾನೂ ಸೇರಿ ಅದನ್ನು ಹೊರಗೆಳೆದೆವು. ಸಾಣೆ ಹಿಡಿಸಿ, ಎಣ್ಣೆ ಹಾಕಿ, ಎರಡು ಅಲಗುಗಳ ನಡುವೆ ಕಾಗದದ ಚೂರನ್ನಿಟ್ಟು ಕತ್ತರಿಸುವಂತೆ ಹೊಂದಿಸುವಷ್ಟರಲ್ಲಿ ಒಂದು ಭಾನುವಾರ ಕಳೆಯಿತು. ಈಗ ಮುಂದಿನ ಅಂಗಳಕ್ಕೆ ಅದೇ ಯಂತ್ರ. ಕೆಲಸಕ್ಕೆ ಮೊದಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು, ಮಳೆಗಾಲದಲ್ಲಿ ಎರಡು ವಾರ ಬಿಟ್ಟರೆ ಹುಲ್ಲು ಅದರ ಬಾಯಿಗೆ ಮೀರಿ ಬೆಳೆಯುತ್ತದೆ. ಈ ದೋಷಗಳನ್ನು ಮರೆಮಾಚುವುದಿಲ್ಲ. ಮೊನ್ನೆ ತರಗತಿಯಿಂದ ಹೊರಬಂದಾಗ ಮಾಲಿಯವರು, "ಇದು ಉಣ್ಣೆಬಟ್ಟೆ ಕತ್ತರಿಸೋ ಯಂತ್ರ ಅಂದಿರಲ್ಲ ಸಾರ್, ಅದಕ್ಕೇ ಇಷ್ಟು ನಯ" ಎಂದರು. ಅವರು ಅದನ್ನು ತಳ್ಳುತ್ತಿದ್ದ ಹೊತ್ತಿನಲ್ಲಿಯೇ ಒಳಗೆ ನನ್ನ ಪಾಠ ಕೊನೆಯ ಬೆಂಚಿನವರೆಗೂ ಕೇಳಿಸಿತ್ತು.